ಹೈಸ್ಕೂಲಿನಲ್ಲಿ ಮಕ್ಕಳ ಮಾತು ಕೇಳುವವರು ಯಾರು?

ಸಂಕ್ರಾಂತಿ ಕಳೆಯಿತೆಂದರೆ ಕರ್ನಾಟಕದ ಹೈಸ್ಕೂಲುಗಳ ದಿನಚರಿಯೇ ಬದಲಾಗುತ್ತದೆ. ಹತ್ತನೇ ತರಗತಿಯವರಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ವಿಶೇಷ ತರಗತಿ. ಒಂದರ ಬೆನ್ನಿಗೊಂದು ಪೂರ್ವಸಿದ್ಧತಾ ಪರೀಕ್ಷೆ. ಓದಿನಲ್ಲಿ ಹಿಂದುಳಿದವರಿಗೆ ‘ಪಾಸಿಂಗ್ ಪ್ಯಾಕೇಜ್’ ಎಂಬ ತೆಳ್ಳನೆಯ ಕೈಪಿಡಿ. ಹಲವು ಕಡೆ ಮೇಷ್ಟ್ರುಗಳು ಬೆಳಗಿನ ಜಾವ ಐದಕ್ಕೇ ಮನೆಗೆ ಫೋನ್ ಮಾಡಿ, ಮಗ ಎದ್ದಿದ್ದಾನೆಯೇ, ಮಗಳು ಓದಲು ಕೂತಿದ್ದಾಳೆಯೇ ಎಂದು ವಿಚಾರಿಸುತ್ತಾರೆ. ಇದರಲ್ಲಿ ಕಾಳಜಿ ಇದೆ, ಸಂಬಳಕ್ಕೆ ಮೀರಿದ ದುಡಿಮೆಯೂ ಇದೆ. ಆದರೆ ಇದೇ ತಿಂಗಳುಗಳಲ್ಲಿ ಆ ಮಕ್ಕಳ ಮನಸ್ಸಿನೊಳಗೆ ಏನು ನಡೆಯುತ್ತಿರುತ್ತದೆ, ಅದನ್ನು ಗಮನಿಸುವ ಕೆಲಸ ಶಾಲೆಯಲ್ಲಿ ಯಾರದು ಎಂದು ಕೇಳಿದರೆ ನೇರವಾದ ಉತ್ತರ ಸಿಗುವುದಿಲ್ಲ. ವರ್ಗ ಶಿಕ್ಷಕರದೇ, ಮುಖ್ಯ ಶಿಕ್ಷಕರದೇ, ತಾಯಿ ತಂದೆಯರದೇ? ಎಲ್ಲರದೂ ಹೌದು ಎನ್ನುತ್ತಾರೆ. ಎಲ್ಲರ ಕೆಲಸ ಯಾರ ಕೆಲಸವೂ ಅಲ್ಲವೆಂಬುದು ನಮಗೆ ಗೊತ್ತಿರುವ ಸಂಗತಿಯೇ.

ಒತ್ತಡ ಎಲ್ಲಿಂದ ಹೊರಡುತ್ತದೆ ಎಂಬುದನ್ನು ಮೊದಲು ನೋಡೋಣ. ಎಸ್ಸೆಸ್ಸೆಲ್ಸಿ ಒಟ್ಟು 625 ಅಂಕಗಳ ಪರೀಕ್ಷೆ. ಫಲಿತಾಂಶದ ದಿನ ಮಕ್ಕಳ ಅಂಕಗಳ ಜೊತೆಗೆ ಜಿಲ್ಲೆಗಳ ಪಟ್ಟಿಯೂ ಹೊರಬೀಳುತ್ತದೆ. 2024ರಲ್ಲಿ ಉಡುಪಿ ಶೇ 94ರೊಂದಿಗೆ ಮೊದಲನೆಯ ಸ್ಥಾನದಲ್ಲಿತ್ತು, ಯಾದಗಿರಿ ಶೇ 50.59ರೊಂದಿಗೆ ಕೊನೆಯಲ್ಲಿತ್ತು. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದ ಆ ವರ್ಷ, ಕೃಪಾಂಕ ಕೊಟ್ಟ ಮೇಲೂ, ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು. ಪಟ್ಟಿಯಲ್ಲಿ ಕೆಳಗಿರುವ ಜಿಲ್ಲೆಯ ಉಪನಿರ್ದೇಶಕರಿಗೆ ಮೇಲಿನಿಂದ ಪ್ರಶ್ನೆ ಬರುತ್ತದೆ. ಅವರು ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನು (ಬಿಇಒ) ಕೇಳುತ್ತಾರೆ, ಬಿಇಒ ಮುಖ್ಯ ಶಿಕ್ಷಕರನ್ನು ಕೇಳುತ್ತಾರೆ, ಮುಖ್ಯ ಶಿಕ್ಷಕರು ವಿಷಯ ಶಿಕ್ಷಕರನ್ನು ಕೇಳುತ್ತಾರೆ. ಕಡೆಗೆ ಆ ಪ್ರಶ್ನೆ ಹದಿನೈದು ವರ್ಷದ ಹುಡುಗನ ಮುಂದೆ ಬಂದು ನಿಲ್ಲುತ್ತದೆ. ಅವನಿಗೆ ಅದನ್ನು ದಾಟಿಸಲು ಕೆಳಗೆ ಮತ್ತೊಬ್ಬರಿಲ್ಲ.

ಭಾವನಾತ್ಮಕ ಸ್ವಾಸ್ಥ್ಯ ಎಂಬ ಮಾತು ಈಗ ಸುತ್ತೋಲೆಗಳಲ್ಲಿ, ಭಾಷಣಗಳಲ್ಲಿ ಧಾರಾಳವಾಗಿ ಬಳಕೆಯಾಗುತ್ತಿದೆ. ಸದಾ ನಗುನಗುತ್ತಾ ಇರುವುದು ಎಂದು ಅದನ್ನು ಅರ್ಥ ಮಾಡಿಕೊಂಡರೆ ತಪ್ಪಾಗುತ್ತದೆ. ಗೆಳತಿ ಮಾತು ಬಿಟ್ಟಾಗ ಬೇಸರವಾಗಬೇಕು, ಅಂಕ ಕಡಿಮೆ ಬಂದಾಗ ನಿರಾಸೆಯಾಗಬೇಕು. ಅದು ಆರೋಗ್ಯದ ಲಕ್ಷಣವೇ. ಆ ಬೇಸರ ಯಾವುದರಿಂದ ಬಂತೆಂದು ಗುರುತಿಸಲು ಆಗುವುದು, ನಾಲ್ಕಾರು ದಿನಗಳಲ್ಲಿ ಅದರಿಂದ ಮೇಲೇಳಲು ಆಗುವುದು, ಏಳಲಾಗದಿದ್ದರೆ ಒಬ್ಬರ ಹತ್ತಿರ ಹೋಗಿ ಹೇಳಿಕೊಳ್ಳಲು ಆಗುವುದು, ಇದು ಸ್ವಾಸ್ಥ್ಯ. ಮೊದಲ ಎರಡು ಮಗುವಿನೊಳಗಿನ ಶಕ್ತಿಗೆ ಸೇರಿದವು. ಮೂರನೆಯದಕ್ಕೆ ಮಗುವಿನ ಹೊರಗೆ ಒಬ್ಬ ಮನುಷ್ಯ ಬೇಕು. ಈ ಬರಹದ ಗಮನ ಹೆಚ್ಚಾಗಿ ಆ ಮೂರನೆಯದರ ಮೇಲೆ.

ಹದಿಮೂರರಿಂದ ಹದಿನಾರರವರೆಗಿನ ವಯಸ್ಸಿಗೆ ತನ್ನದೇ ಆದ ಒಂದು ಕಷ್ಟವಿದೆ. ಭಯ, ಆಸೆ, ರೋಮಾಂಚನಗಳಿಗೆ ತಟ್ಟನೆ ಸ್ಪಂದಿಸುವ ಮೆದುಳಿನ ಒಳಭಾಗ ಈ ಹೊತ್ತಿಗೆ ಚುರುಕಾಗಿರುತ್ತದೆ. ‘ತಡಿ, ಸ್ವಲ್ಪ ಯೋಚಿಸು’ ಎಂದು ಲಗಾಮು ಹಿಡಿಯುವ ಭಾಗ ಹಣೆಯ ಹಿಂದಿದೆ. ಅದು ಪೂರ್ತಿ ಪಕ್ವವಾಗುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಹಾಗೆಂದು ಹದಿಹರೆಯದವರಿಗೆ ಬುದ್ಧಿಯಿಲ್ಲವೆಂದಲ್ಲ. ಶಾಂತವಾಗಿ ಕೂತು ಯೋಚಿಸುವಾಗ ಅವರು ದೊಡ್ಡವರಷ್ಟೇ ಸರಿಯಾಗಿ ತರ್ಕಿಸಬಲ್ಲರು. ಭಾವನೆ ಕಾವೇರಿದಾಗ, ಅದರಲ್ಲೂ ಓರಗೆಯವರು ಎದುರಿಗಿದ್ದಾಗ, ಲೆಕ್ಕ ತಪ್ಪುತ್ತದೆ. ಲಾರೆನ್ಸ್ ಸ್ಟೈನ್‌ಬರ್ಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಮತ್ತು ಅವರ ಸಹೋದ್ಯೋಗಿ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟವನ್ನು ಹದಿಹರೆಯದವರು ಒಬ್ಬೊಬ್ಬರೇ ಆಡಿದಾಗಿನದಕ್ಕಿಂತ ಗೆಳೆಯರ ಮುಂದೆ ಆಡಿದಾಗ ಹೆಚ್ಚು ಅಪಾಯ ಮೈಮೇಲೆ ಎಳೆದುಕೊಂಡರು. ದೊಡ್ಡವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಗೆಳೆಯರ ಕಣ್ಣು ಈ ವಯಸ್ಸಿನಲ್ಲಿ ಅಷ್ಟು ಭಾರ.

ಇದನ್ನು ತಿಳಿದುಕೊಂಡು ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆ ಹಂಚುವ ದಿನವನ್ನು ನೋಡಿ. ಕೆಲವು ಕಡೆ ಪತ್ರಿಕೆಗಳನ್ನು ಹೆಚ್ಚಿನ ಅಂಕದಿಂದ ಕಡಿಮೆ ಅಂಕದ ಕಡೆಗೆ ಜೋಡಿಸಿಟ್ಟು, ಹೆಸರು ಕೂಗಿ, ಅಂಕವನ್ನೂ ಓದಿ ಕೊಡುವ ರೂಢಿ ಇದೆ. ಮೊದಲ ಹತ್ತು ಹೆಸರಿಗೆ ಚಪ್ಪಾಳೆ. ಮೂವತ್ತರ ನಂತರ ಕೊಠಡಿಯಲ್ಲಿ ಮುಸಿಮುಸಿ ನಗು ಶುರುವಾಗುತ್ತದೆ. ಕೊನೆಯ ಐದು ಹೆಸರು ಯಾರದೆಂದು ಕೂಗುವ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ‘ನಾಚಿಕೆಯಾಗಲಿ, ಓದುತ್ತಾರೆ’ ಎಂಬ ನಂಬಿಕೆಯಿಂದ ಮೇಷ್ಟ್ರು ಹೀಗೆ ಮಾಡುತ್ತಾರೆ. ಆದರೆ ಓರಗೆಯವರ ಮುಂದೆ ಆದ ಅವಮಾನ ಈ ವಯಸ್ಸಿನಲ್ಲಿ ಹುಟ್ಟಿಸುವ ಮೊದಲ ಆಸೆ ಆ ಕೊಠಡಿಯಿಂದ ಮಾಯವಾಗಬೇಕೆಂಬುದು. ಓದಬೇಕೆಂಬ ಆಸೆ ಬಂದರೆ ಆಮೇಲೆ. ಮರುದಿನ ಗೈರುಹಾಜರಿ ಹೆಚ್ಚಿದರೆ ಆಶ್ಚರ್ಯಪಡಬೇಕಿಲ್ಲ.

ಒತ್ತಡವೆಲ್ಲ ಕೆಟ್ಟದ್ದಲ್ಲ ಎಂಬುದೂ ನಿಜ. 1908ರಷ್ಟು ಹಿಂದೆಯೇ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿ ಒಂದು ಸಂಗತಿ ಕಂಡಿದ್ದರು. ಸುಲಭದ ಕೆಲಸ ಕಲಿಯಲು ಜೋರಾದ ಚುರುಕು ಮುಟ್ಟಿಸಿದರೂ ನಡೆಯುತ್ತದೆ; ಕಷ್ಟದ ಕೆಲಸ ಕಲಿಯಲು ಹದವಾದದ್ದೇ ಬೇಕು, ಹದ ಮೀರಿದರೆ ಕಲಿಕೆ ಕುಗ್ಗುತ್ತದೆ. ಮನುಷ್ಯರಲ್ಲಿ ಇದಕ್ಕೊಂದು ಕಾರಣವನ್ನು ಮನಶ್ಶಾಸ್ತ್ರ ವಿವರಿಸುತ್ತದೆ. ಒಂದು ಲೆಕ್ಕ ಬಿಡಿಸುವಾಗ ಹಂತಗಳನ್ನು ತಾತ್ಕಾಲಿಕವಾಗಿ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುತ್ತೇವಲ್ಲ, ಆ ಜಾಗ ಬಹಳ ಇಕ್ಕಟ್ಟಾದದ್ದು. ‘ಫೇಲಾದರೆ ಅಪ್ಪ ಏನೆನ್ನುತ್ತಾರೆ’ ಎಂಬ ಚಿಂತೆ ಅಲ್ಲಿ ಬಂದು ಕೂತರೆ ಲೆಕ್ಕಕ್ಕೆ ಜಾಗ ಉಳಿಯುವುದಿಲ್ಲ. ಮನೆಯಲ್ಲಿ ಸರಿಯಾಗಿ ಬಿಡಿಸಿದ ಲೆಕ್ಕ ಪರೀಕ್ಷಾ ಕೊಠಡಿಯಲ್ಲಿ ತಲೆಗೇ ಬರಲಿಲ್ಲ ಎಂದು ಮಕ್ಕಳು ಹೇಳುವುದು ನೆಪವಲ್ಲ. ಹಾಗೆ ಆಗುತ್ತದೆ.

ಬೆಳಗಿನ ಜಾವದ ಫೋನಿನ ವಿಷಯಕ್ಕೆ ಬರೋಣ. ಹದಿಹರೆಯದಲ್ಲಿ ದೇಹದ ಗಡಿಯಾರವೇ ತಡವಾಗಿ ಓಡುತ್ತದೆ. ನಿದ್ದೆಯ ಸೂಚನೆ ಕೊಡುವ ಮೆಲಟೋನಿನ್ ಎಂಬ ಹಾರ್ಮೋನು ಈ ವಯಸ್ಸಿನವರಲ್ಲಿ ರಾತ್ರಿ ಸುಮಾರು ಒಂದೆರಡು ಗಂಟೆ ತಡವಾಗಿ ಏರುತ್ತದೆ. ಹಾಗಾಗಿ ಹತ್ತು ಗಂಟೆಗೆ ಮಲಗು ಎಂದರೆ ನಿದ್ದೆ ಬರುವುದಿಲ್ಲ, ಐದಕ್ಕೆ ಏಳು ಎಂದರೆ ಕಣ್ಣು ತೆರೆಯುವುದಿಲ್ಲ. ಮೊಬೈಲು ಇದನ್ನು ಇನ್ನಷ್ಟು ಕೆಡಿಸುತ್ತದೆ, ಆದರೆ ಮೊಬೈಲು ಇಲ್ಲದ ಮನೆಯಲ್ಲೂ ಗಡಿಯಾರ ಹೀಗೇ ಇರುತ್ತದೆ. ಈ ವಯಸ್ಸಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕೆಂಬುದು ವೈದ್ಯರ ಸಲಹೆ. ಹನ್ನೊಂದಕ್ಕೆ ಮಲಗಿ ಐದಕ್ಕೆ ಎದ್ದವರಿಗೆ ಆರು ಗಂಟೆ ಸಿಕ್ಕಿತು. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ, ಸಿಟ್ಟು ಬೇಸರಗಳು ಹದಕ್ಕೆ ಬರುವುದೂ ನಿದ್ದೆಯಲ್ಲೇ. ತಿಂಗಳುಗಟ್ಟಲೆ ಎರಡು ಗಂಟೆ ನಿದ್ದೆ ಕಳೆದುಕೊಂಡ ಮಗುವಿನ ಮುಂಗೋಪವನ್ನು ‘ಹತ್ತನೇ ಕ್ಲಾಸಿಗೆ ಬಂದ ಮೇಲೆ ಕೊಬ್ಬು’ ಎಂದು ಓದಿಕೊಳ್ಳುವ ಮನೆಗಳು ಕಡಿಮೆಯೇನಿಲ್ಲ.

ಹಾಗಾದರೆ ಮಗು ಕಷ್ಟದಲ್ಲಿದೆ ಎಂದು ತಿಳಿಯುವುದು ಹೇಗೆ? ದೊಡ್ಡವರಲ್ಲಿ ಖಿನ್ನತೆ ಎಂದರೆ ಮಂಕು ಮುಖ, ಕಣ್ಣೀರು. ಹದಿಹರೆಯದಲ್ಲಿ ಅದು ಹಲವು ಬಾರಿ ಸಿಡುಕಿನ ರೂಪದಲ್ಲಿ, ತಲೆನೋವು ಹೊಟ್ಟೆನೋವಿನ ರೂಪದಲ್ಲಿ ಬರುತ್ತದೆ.

ಎಂಟನೇ ತರಗತಿಗೆ ಊರಿನ ಕನ್ನಡ ಶಾಲೆ ಬಿಟ್ಟು ಪಟ್ಟಣದ ಇಂಗ್ಲಿಷ್ ಮಾಧ್ಯಮದ ಹೈಸ್ಕೂಲಿಗೆ ಸೇರಿದ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಇಂಥವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಏಳನೇ ತರಗತಿಯಲ್ಲಿ ಅವಳು ಜಾಣೆ, ಪ್ರಾರ್ಥನೆಗೆ ಮುಂದೆ ನಿಲ್ಲುತ್ತಿದ್ದವಳು. ಇಲ್ಲಿ ವಿಜ್ಞಾನದಲ್ಲಿ ನೂರಕ್ಕೆ ಇಪ್ಪತ್ತೆರಡು. ಪಾಠ ಅರ್ಥವಾಗಿಲ್ಲವೆಂದು ಹೇಳಲು ಬೇಕಾದ ಇಂಗ್ಲಿಷೂ ಅವಳಲ್ಲಿಲ್ಲ. ಕನ್ನಡದಲ್ಲಿ ಕೇಳಿದರೆ ನಗುತ್ತಾರೆ. ಜುಲೈ ಹೊತ್ತಿಗೆ ಹೊಟ್ಟೆನೋವು ಶುರುವಾಗುತ್ತದೆ. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಮನೆಗೆ ಹೋಗಲು ಅನುಮತಿ ಕೇಳುತ್ತಾಳೆ.

“ಏನಾಯ್ತಮ್ಮಾ?”

“ಹೊಟ್ಟೆನೋವು ಮಿಸ್.”

“ತಿಂಡಿ ತಿಂದಿದ್ಯಾ?”

“ಹ್ಞೂಂ ಮಿಸ್.”

ಬಹಳಷ್ಟು ಬಾರಿ ಮಾತು ಇಲ್ಲಿಗೇ ಮುಗಿಯುತ್ತದೆ. ಒಂದು ಮಾತ್ರೆ, ಅಥವಾ ಅಪ್ಪನಿಗೆ ಒಂದು ಫೋನು. ಇನ್ನೊಂದು ಪ್ರಶ್ನೆ ಕೇಳುವ ಟೀಚರ್ ಸಿಕ್ಕಿದರೆ ಮಾತ್ರ ಕಥೆ ಮುಂದುವರಿಯುತ್ತದೆ: “ಯಾವ ಪೀರಿಯಡ್‌ಗೆ ಜಾಸ್ತಿ ಆಗುತ್ತೆ?” ಹುಡುಗಿ ಉತ್ತರ ಹೇಳದೆ ನೆಲ ನೋಡಿದರೆ ಅದೇ ಉತ್ತರ. ಆ ನೋವು ಸುಳ್ಳಲ್ಲ ಎಂಬುದನ್ನು ಗಮನಿಸಬೇಕು. ಹೊಟ್ಟೆಗೂ ಮೆದುಳಿಗೂ ನರಗಳ ನೇರ ಸಂಪರ್ಕವಿದೆ. ಭಯವಾದಾಗ ಕರುಳು ನಿಜವಾಗಿ ಹಿಂಡುತ್ತದೆ. ನಟನೆ ಎಂದು ಗದರಿದರೆ ಮಗು ಕಲಿಯುವುದು ಒಂದೇ ಪಾಠ: ಇಲ್ಲಿ ಇನ್ನು ಹೇಳಬಾರದು.

ಒಂದು ದಿನದ ಸಿಡುಕಿಗೆ, ಒಂದು ದಿನದ ಹೊಟ್ಟೆನೋವಿಗೆ ಗಾಬರಿಯಾಗಬೇಕಿಲ್ಲ. ಮಗುವನ್ನು ಪಕ್ಕದ ಮನೆಯ ಮಗುವಿನೊಂದಿಗೆ ಅಲ್ಲ, ಅದರ ಹಿಂದಿನ ಸ್ವಭಾವದೊಂದಿಗೆ ಹೋಲಿಸಬೇಕು. ಆಟ ಬಿಡದವನು ಆಟ ಬಿಟ್ಟನೇ, ಹರಟುತ್ತಿದ್ದವಳು ಮೌನವಾದಳೇ, ಊಟ ನಿದ್ದೆ ಏರುಪೇರಾಯಿತೇ, ಇಂಥ ಬದಲಾವಣೆ ಎರಡು ವಾರ ಮೀರಿ ಉಳಿಯಿತೇ ಎಂದು ನೋಡಬೇಕು. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವಯಸ್ಸಿನವರಲ್ಲಿ ಶೇ 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಸಮಸ್ಯೆ ಇತ್ತು. ನಲವತ್ತು ಮಕ್ಕಳ ಒಂದು ತರಗತಿಗೆ ಸರಾಸರಿ ಮೂವರು ಎಂದಾಯಿತು. ಮಹಾನಗರಗಳಲ್ಲಿ ಈ ಪ್ರಮಾಣ ಶೇ 13.5. ಇದು ಕಾಯಿಲೆಯ ಮಟ್ಟ ಮುಟ್ಟಿದವರ ಲೆಕ್ಕ ಮಾತ್ರ. ಮೇಲೆ ಹೇಳಿದ ಹೊಟ್ಟೆನೋವಿನ ಹುಡುಗಿ ಬಹುಶಃ ಈ ಲೆಕ್ಕಕ್ಕೆ ಸೇರುವುದಿಲ್ಲ. ಅವಳಿಗೆ ಬೇಕಿರುವುದು ಮನೋವೈದ್ಯರಲ್ಲ, ಕನ್ನಡದಲ್ಲಿ ಪ್ರಶ್ನೆ ಕೇಳಲು ಅವಕಾಶ ಮತ್ತು ನಗುವವರನ್ನು ಸುಮ್ಮನಿರಿಸುವ ಒಬ್ಬ ಟೀಚರ್.

ಇದಕ್ಕೆಲ್ಲ ಶಾಲೆಗಳು ಏನೂ ಮಾಡಿಲ್ಲವೆಂದಲ್ಲ. ಜೀವನ ಕೌಶಲಗಳ ಪಾಠಗಳಿವೆ. ವಿಶ್ವ ಆರೋಗ್ಯ ಸಂಸ್ಥೆ ತೊಂಬತ್ತರ ದಶಕದಲ್ಲಿ ಗುರುತಿಸಿದ ಹತ್ತು ಕೌಶಲಗಳನ್ನು ಆಧರಿಸಿ ನಿಮ್ಹಾನ್ಸ್ ಶಿಕ್ಷಕರಿಗಾಗಿಯೇ ಕೈಪಿಡಿ ಮಾಡಿದೆ. ಅದು ಒಳ್ಳೆಯ ಕೆಲಸ. ಅದರ ಜೊತೆಗೆ ವರ್ಷಕ್ಕೊಮ್ಮೆ ಸಭಾಂಗಣದಲ್ಲಿ ನಡೆಯುವ ಸ್ಫೂರ್ತಿ ಭಾಷಣವೂ ಇದೆ. ಬಡತನದಲ್ಲಿ ಓದಿ ಅಧಿಕಾರಿಯಾದವರೊಬ್ಬರು ಬಂದು, ಮನಸ್ಸಿದ್ದರೆ ಮಾರ್ಗ ಎಂದು ಹೇಳಿ, ಗ್ರೂಪ್ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಅಂದಿನ ಸಂಜೆಯವರೆಗೆ ಮಕ್ಕಳ ಎದೆ ಉಬ್ಬಿರುತ್ತದೆ.

ಎಲ್ಲರನ್ನೂ ಕೂರಿಸಿ ಪಾಠ ಹೇಳುವುದರಿಂದ ಎಷ್ಟು ಪ್ರಯೋಜನ ಎಂಬುದನ್ನು ಬ್ರಿಟನ್ನಿನಲ್ಲಿ ದೊಡ್ಡ ಪ್ರಮಾಣದಲ್ಲಿ ಅಳೆದು ನೋಡಿದರು. ಹನ್ನೊಂದರಿಂದ ಹದಿನಾಲ್ಕು ವಯಸ್ಸಿನ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳು, ಎಂಬತ್ತಕ್ಕೂ ಮಿಕ್ಕಿ ಶಾಲೆಗಳು. ಅರ್ಧದಷ್ಟು ಶಾಲೆಗಳಲ್ಲಿ ಶಿಕ್ಷಕರು ತರಬೇತಿ ಪಡೆದು, ಮನಸ್ಸನ್ನು ಈ ಕ್ಷಣದ ಮೇಲೆ ನಿಲ್ಲಿಸುವ ಧ್ಯಾನದಂಥ ಅಭ್ಯಾಸವನ್ನು ಕಲಿಸಿದರು. 2022ರಲ್ಲಿ ಫಲಿತಾಂಶ ಬಂತು: ಎಂದಿನ ಪಾಠ ಕೇಳಿದವರಿಗಿಂತ ಈ ಮಕ್ಕಳ ಮಾನಸಿಕ ಸ್ಥಿತಿ ಉತ್ತಮವಾಗಿರಲಿಲ್ಲ. ಹೆಚ್ಚಿನವರು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಧ್ಯಾನ ನಿಷ್ಪ್ರಯೋಜಕ ಎಂದು ಇದರಿಂದ ತೀರ್ಮಾನಿಸಬೇಕಿಲ್ಲ. ಬೇಕೆಂದು ಕೇಳದವರಿಗೆ ಟೈಮ್ ಟೇಬಲಿನಲ್ಲಿ ಒಂದು ಪೀರಿಯಡ್ ಸೇರಿಸಿ ನೆಮ್ಮದಿ ಕೊಡಲು ಆಗಲಿಲ್ಲ, ಅಷ್ಟೆ.

ನಮಗೆ ಇದಕ್ಕಿಂತ ಹತ್ತಿರದ ಪ್ರಯೋಗ ಬಿಹಾರದಲ್ಲಿ ನಡೆದದ್ದು. ಗೋವಾದ ‘ಸಂಗಾತ್’ ಸಂಸ್ಥೆ ನಳಂದಾ ಜಿಲ್ಲೆಯ 74 ಸರ್ಕಾರಿ ಪ್ರೌಢಶಾಲೆಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿತು. ಒಂಬತ್ತನೇ ತರಗತಿಯ ಹದಿಮೂರು ಸಾವಿರದಷ್ಟು ಮಕ್ಕಳು ಇದರಲ್ಲಿದ್ದರು. ಒಂದು ಗುಂಪಿನ ಶಾಲೆಗಳಲ್ಲಿ ಸರ್ಕಾರದ ಎಂದಿನ ಹದಿಹರೆಯದ ಶಿಕ್ಷಣ ಮಾತ್ರ. ಎರಡನೆಯದರಲ್ಲಿ ಅದರ ಜೊತೆಗೆ ‘ಸೆಹರ್’ ಎಂಬ ಕಾರ್ಯಕ್ರಮ. ಅದನ್ನು ನಡೆಸುವವರು ಅದೇ ಶಾಲೆಯ ಒಬ್ಬ ತರಬೇತಾದ ಶಿಕ್ಷಕರು. ಮೂರನೆಯದರಲ್ಲೂ ಅದೇ ಕಾರ್ಯಕ್ರಮ, ನಡೆಸುವವರು ಮಾತ್ರ ಬೇರೆ. ಈ ಕೆಲಸಕ್ಕೆಂದೇ ಶಾಲೆಗೊಬ್ಬರಂತೆ ನೇಮಿಸಿದ ಸ್ಥಳೀಯ ಸಮಾಲೋಚಕರು. ಅವರು ಮನೋವೈದ್ಯರಲ್ಲ, ಮನಶ್ಶಾಸ್ತ್ರದ ಪರಿಣತರೂ ಅಲ್ಲ. ಅಲ್ಪಕಾಲದ ತರಬೇತಿ ಪಡೆದ ಸಾಮಾನ್ಯರು.

ಕಾರ್ಯಕ್ರಮದಲ್ಲಿ ಬೆರಗು ಹುಟ್ಟಿಸುವಂಥದ್ದೇನೂ ಇರಲಿಲ್ಲ. ಪ್ರಾರ್ಥನೆಯ ಹೊತ್ತಿನಲ್ಲಿ ಒಂದೊಂದು ವಿಷಯದ ಬಗ್ಗೆ ಮಾತು, ಗೋಡೆ ಪತ್ರಿಕೆ, ಸ್ಪರ್ಧೆಗಳು, ಮಕ್ಕಳೂ ಶಿಕ್ಷಕರೂ ಸೇರಿದ ಗುಂಪುಗಳು, ಬೇಕಾದವರಿಗೆ ಒಬ್ಬೊಬ್ಬರೇ ಕೂತು ಮಾತನಾಡುವ ಅವಕಾಶ. ಹೆಸರು ಬರೆಯದೆಯೂ ಚೀಟಿ ಹಾಕಬಹುದಾದ ಒಂದು ಪೆಟ್ಟಿಗೆಯೂ ಇತ್ತು. ಬಂದ ದೂರಿಗೆ ಶಾಲೆಯಲ್ಲಿ ಉತ್ತರ ಸಿಗುತ್ತಿತ್ತು.

2018ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಇದರ ಫಲಿತಾಂಶ ಪ್ರಕಟವಾಯಿತು. ಸಮಾಲೋಚಕರಿದ್ದ ಶಾಲೆಗಳಲ್ಲಿ ಶಾಲೆಯ ವಾತಾವರಣ, ಅಂದರೆ ಶಿಕ್ಷಕರ ಮತ್ತು ಸಹಪಾಠಿಗಳ ಜೊತೆಗಿನ ಸಂಬಂಧ, ಶಾಲೆ ನಮ್ಮದೆಂಬ ಭಾವ, ಗಣನೀಯವಾಗಿ ಸುಧಾರಿಸಿತ್ತು. ಖಿನ್ನತೆಯ ಲಕ್ಷಣಗಳು ಕಡಿಮೆಯಾಗಿದ್ದವು. ಒಬ್ಬರನ್ನೊಬ್ಬರು ಕಾಡಿಸುವುದು, ಹೊಡೆದಾಟ ಕೂಡ ತಗ್ಗಿದ್ದವು. ಅದೇ ಕಾರ್ಯಕ್ರಮವನ್ನು ಶಿಕ್ಷಕರು ನಡೆಸಿದ ಶಾಲೆಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಎರಡನೆಯ ವರ್ಷ ಮತ್ತೆ ಅಳೆದಾಗಲೂ ಈ ಅಂತರ ಉಳಿದಿತ್ತು.

ಈ ಫಲಿತಾಂಶವನ್ನು ಎಚ್ಚರದಿಂದ ಓದಬೇಕು. ಶಿಕ್ಷಕರಿಗೆ ಮಕ್ಕಳ ಮೇಲೆ ಅಕ್ಕರೆಯಿಲ್ಲ ಎಂದು ಇದು ಹೇಳುವುದಿಲ್ಲ. ಅವರ ಸ್ಥಾನವೇ ಬೇರೆ ಎಂದು ಹೇಳುತ್ತದೆ. ಕರ್ನಾಟಕದ ಶಿಕ್ಷಕರನ್ನೇ ತೆಗೆದುಕೊಳ್ಳಿ. ಪಾಠ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು, ಚುನಾವಣೆ ಮತ್ತು ಗಣತಿ ಕೆಲಸ ಎಲ್ಲ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಮಗುವಿನ ಮನಸ್ಸು. ಅದಕ್ಕಿಂತ ಮುಖ್ಯವಾದ ತೊಡಕು ಇನ್ನೊಂದಿದೆ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 25, ಉಳಿದ ವಿಷಯಗಳಿಗೆ ತಲಾ 20 ಆಂತರಿಕ ಅಂಕಗಳಿವೆ. ಅವನ್ನು ಕೊಡುವುದು ಶಾಲೆಯ ಶಿಕ್ಷಕರೇ. ವಿಜ್ಞಾನದ ಮೇಷ್ಟ್ರೆಂದರೆ ಭಯ ಎಂಬುದನ್ನು ಅವರ ಜೊತೆಯಲ್ಲೇ ಕೂತು ಕಾಫಿ ಕುಡಿಯುವ ಸಮಾಜ ಮಿಸ್ ಹತ್ತಿರ ಹೇಳಬಹುದೇ? ಹೇಳಿದರೆ ಸಂಜೆಯೊಳಗೆ ಸ್ಟಾಫ್ ರೂಮಿಗೆಲ್ಲ ಗೊತ್ತಾಗುವುದಿಲ್ಲವೇ? ಮಗು ಹೀಗೆ ಲೆಕ್ಕ ಹಾಕುವುದರಲ್ಲಿ ತಪ್ಪೇನಿದೆ? ಅಂಕ ಕೊಡುವವರು, ಶಿಸ್ತು ಕಾಯುವವರು ಮತ್ತು ಗುಟ್ಟು ಕೇಳುವವರು ಒಬ್ಬರೇ ಆದರೆ ಗುಟ್ಟು ಹೊರಬರುವುದಿಲ್ಲ.

ಪೆಟ್ಟಿಗೆಯ ಮಾತೂ ಇಷ್ಟೇ. ನಮ್ಮ ಶಾಲೆಗಳಲ್ಲೂ ಮಕ್ಕಳ ಸಲಹಾ ಪೆಟ್ಟಿಗೆ ಇರುತ್ತದೆ. ಅನೇಕ ಕಡೆ ಅದನ್ನು ಮುಖ್ಯ ಶಿಕ್ಷಕರ ಕೊಠಡಿಯ ಬಾಗಿಲಿಗೆ ತಾಗಿದ ಗೋಡೆಗೆ ಹೊಡೆದಿರುತ್ತಾರೆ. ಚೀಟಿ ಹಾಕುವವರು ಯಾರೆಂದು ವರಾಂಡದಲ್ಲಿ ಓಡಾಡುವವರಿಗೆಲ್ಲ ಕಾಣುತ್ತದೆ. ಬೀಗದ ಕೈ ಯಾರ ಬಳಿ ಇದೆ, ಪೆಟ್ಟಿಗೆಯನ್ನು ಎಂದು ತೆರೆಯುತ್ತಾರೆ, ತೆರೆದ ಮೇಲೆ ಏನು ಮಾಡುತ್ತಾರೆ ಎಂಬುದು ಮಕ್ಕಳಿಗೆ ತಿಳಿಯದಿದ್ದರೆ ಅದರಲ್ಲಿ ಚಾಕೊಲೇಟ್ ಕಾಗದ ಬಿಟ್ಟು ಬೇರೇನೂ ಬೀಳುವುದಿಲ್ಲ.

ಗುಟ್ಟು ಎಂದಾಗ ಅದರ ಮಿತಿಯನ್ನೂ ಹೇಳಬೇಕು. ಮಗು ಹೇಳಿದ್ದನ್ನು ಕೇಳಿದವರು ಊರಿಗೆಲ್ಲ ಹೇಳಬಾರದು. ಅಪ್ಪ ಅಮ್ಮನಿಗೂ ಮಗುವಿಗೆ ತಿಳಿಸಿಯೇ, ಎಷ್ಟು ಬೇಕೋ ಅಷ್ಟನ್ನು ಹೇಳಬೇಕು. ಆದರೆ ಜೀವಕ್ಕೆ ಅಪಾಯವಿದ್ದರೆ ಮೌನ ಸಲ್ಲದು. ಲೈಂಗಿಕ ದೌರ್ಜನ್ಯದ ವಿಷಯವಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದವರು ಪೊಲೀಸರಿಗೆ ವರದಿ ಮಾಡಲೇಬೇಕು. ಈ ಮಿತಿಯನ್ನು ಮಾತು ಶುರುವಾಗುವ ಮೊದಲೇ ಮಗುವಿಗೆ ಹೇಳುವುದು ಒಳ್ಳೆಯ ಸಮಾಲೋಚಕರ ಪದ್ಧತಿ. ‘ಯಾರಿಗೂ ಹೇಳಲ್ಲ, ಹೇಳು’ ಎಂದು ಭಾಷೆ ಕೊಟ್ಟು ಆಮೇಲೆ ಮುರಿದರೆ ಮಗು ಮತ್ತೆ ಯಾರ ಹತ್ತಿರವೂ ಹೋಗುವುದಿಲ್ಲ.

ಹೆತ್ತವರೂ ಶಿಕ್ಷಕರೂ ಬಹಳ ಹೆದರುವ ಇನ್ನೊಂದು ವಿಷಯವಿದೆ. ‘ಸಾಯಬೇಕು ಅನ್ನಿಸುತ್ತಾ?’ ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ. ಸಂಶೋಧನೆಗಳು ಇದನ್ನು ಒಪ್ಪುವುದಿಲ್ಲ. ಶಾಂತವಾಗಿ, ನೇರವಾಗಿ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ. ಒಳಗೆ ಅಂಥ ಯೋಚನೆ ಇದ್ದವರಿಗೆ ಹೇಳಿಕೊಳ್ಳಲು ದಾರಿ ಸಿಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ಆ ವರ್ಷ ಪರೀಕ್ಷೆಯಲ್ಲಿ ಅನುತ್ತೀರ್ಣರಾದದ್ದೇ ಕಾರಣವೆಂದು ದಾಖಲಾದ ಸಾವುಗಳು 2,248. ಪರೀಕ್ಷೆಯೊಂದನ್ನೇ ದೂರಿ ಸುಮ್ಮನಾಗುವಂತಿಲ್ಲ ಎಂದು ಈ ಎರಡು ಅಂಕಿಗಳು ತಿಳಿಸುತ್ತವೆ. ಮನೆಯ ಜಗಳ, ಪ್ರೀತಿ, ಕಾಯಿಲೆ, ಒಂಟಿತನ ಎಲ್ಲವೂ ಆ ಮಕ್ಕಳ ಬದುಕಿನಲ್ಲಿ ಇರುತ್ತವೆ.

ನೆರವು ಎಲ್ಲಿ ಸಿಗುತ್ತದೆ ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಮಕ್ಕಳ ಸಹಾಯವಾಣಿ 1098. ಹದಿಹರೆಯದವರಿಗಾಗಿ 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ಗಳಿವೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮವಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಂತೂ ದೇಶಕ್ಕೆ ಕರ್ನಾಟಕವೇ ಕೊಟ್ಟ ಮಾದರಿ. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಮಾಡಿದ ಪ್ರಯೋಗದಿಂದ ಅದು ಬೆಳೆಯಿತು. ಇಷ್ಟೆಲ್ಲ ಇದ್ದರೂ ಇವು ಆಸ್ಪತ್ರೆಯ ಕಡೆಯ ಬಾಗಿಲುಗಳು. ಹದಿನಾಲ್ಕು ವರ್ಷದ ಹುಡುಗ ತಾನೇ ಬಸ್ಸು ಹತ್ತಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಹೋಗಿ ಸಾಲಿನಲ್ಲಿ ನಿಲ್ಲುವುದಿಲ್ಲ. ಶಾಲೆಯಿಂದ ಅಲ್ಲಿಯವರೆಗೆ ಕೈಹಿಡಿದು ಕರೆದೊಯ್ಯುವವರು ನಡುವೆ ಇಲ್ಲ.

ಈ ಖಾಲಿ ಜಾಗದ ಮೇಲೆ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ಬೆರಳಿಟ್ಟಿದೆ. ವಿಶಾಖಪಟ್ಟಣದ ಹಾಸ್ಟೆಲಿನಲ್ಲಿ ನೀಟ್‌ಗೆ ಓದುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠ, ಕಾನೂನು ಬರುವವರೆಗೆ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳೂ ಪಾಲಿಸಬೇಕಾದ 15 ನಿರ್ದೇಶನಗಳನ್ನು ನೀಡಿತು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರು ಇರಬೇಕು. ಚಿಕ್ಕ ಸಂಸ್ಥೆಗಳು ಹೊರಗಿನ ಮಾನಸಿಕ ಆರೋಗ್ಯ ತಜ್ಞರೊಂದಿಗೆ ಸಂಪರ್ಕ ಏರ್ಪಡಿಸಿಕೊಳ್ಳಬೇಕು. ಅಂಕಗಳ ಆಧಾರದಲ್ಲಿ ವಿದ್ಯಾರ್ಥಿಗಳನ್ನು ಬೇರೆ ಬೇರೆ ವಿಭಾಗ ಮಾಡುವುದು, ಎಲ್ಲರೆದುರು ಅವಮಾನಿಸುವುದು ಬೇಡ ಎಂದೂ ಪೀಠ ಹೇಳಿತು. ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿ ತರಬೇತಿ ಕೊಡಬೇಕೆಂದಿತು.

ಕರ್ನಾಟಕ ಕೂಡ ಪರೀಕ್ಷೆಯ ಭಾರವನ್ನು ಸ್ವಲ್ಪ ಇಳಿಸಿದೆ. 2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು. ಯಾವುದರಲ್ಲಿ ಹೆಚ್ಚು ಅಂಕ ಬಂತೋ ಅದನ್ನು ಉಳಿಸಿಕೊಳ್ಳಬಹುದು. ಒಂದು ಬೆಳಗಿನ ಮೂರು ಗಂಟೆಯೇ ಬದುಕನ್ನು ತೀರ್ಮಾನಿಸುತ್ತದೆ ಎಂಬ ಭಯಕ್ಕೆ ಇದು ಮದ್ದು. ಆದರೆ ಜಿಲ್ಲಾವಾರು ಪಟ್ಟಿ ಹೊರಬೀಳುವುದು ಮೊದಲ ಪರೀಕ್ಷೆಯ ಫಲಿತಾಂಶಕ್ಕೇ ಆದ್ದರಿಂದ ಕೆಳಗಿಳಿದು ಬರುವ ಒತ್ತಡ ಹಾಗೇ ಇದೆ.

ನನ್ನ ಅಭಿಪ್ರಾಯ ಇಷ್ಟು. ಶಿಕ್ಷಕರಿಗೆ ಇನ್ನೊಂದು ದಿನದ ಕಾರ್ಯಾಗಾರ ಮಾಡಿ ‘ನೀವೇ ಆಪ್ತಸಮಾಲೋಚಕರು’ ಎಂದು ಪ್ರಮಾಣಪತ್ರ ಕೊಟ್ಟು ಕೋರ್ಟಿನ ನಿರ್ದೇಶನ ಪಾಲಿಸಿದೆವೆಂದು ವರದಿ ಕಳಿಸುವ ಆಸೆಯನ್ನು ಇಲಾಖೆ ತಡೆದುಕೊಳ್ಳಬೇಕು. ಬಿಹಾರದಲ್ಲಿ ಫಲ ಕೊಡದ ದಾರಿ ಅದೇ. ಪ್ರತಿ ಶಾಲೆಗೊಬ್ಬರನ್ನು ನೇಮಿಸುವಷ್ಟು ಹಣವಿಲ್ಲದಿದ್ದರೆ ಹೋಬಳಿಯ ಮೂರು ನಾಲ್ಕು ಹೈಸ್ಕೂಲುಗಳಿಗೆ ಒಬ್ಬರು ಸಾಕು, ಆದರೆ ಅವರು ಅಂಕಕ್ಕೂ ಶಿಸ್ತಿಗೂ ಸಂಬಂಧಪಡದವರಾಗಿರಬೇಕು, ಯಾವ ಶಾಲೆಗೆ ಯಾವ ವಾರ ಎಂಬುದು ಮಕ್ಕಳಿಗೆ ಗೊತ್ತಿರಬೇಕು. ಸಮಾಜಕಾರ್ಯ, ಮನಶ್ಶಾಸ್ತ್ರ ಓದಿ ಕೆಲಸ ಹುಡುಕುತ್ತಿರುವ ಪದವೀಧರರು ನಮ್ಮ ಎಲ್ಲ ವಿಶ್ವವಿದ್ಯಾಲಯಗಳಿಂದಲೂ ವರ್ಷವರ್ಷ ಹೊರಬರುತ್ತಿದ್ದಾರೆ. ತರಬೇತಿಗೆ ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ವಸತಿ ಶಾಲೆಗಳಿಂದ ಶುರು ಮಾಡುವುದು ಸರಿ ಎನಿಸುತ್ತದೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಶಾಲೆಗಳ ಮಕ್ಕಳಿಗೆ ಸಂಜೆ ಮನೆಗೆ ಹೋಗಿ ಅಮ್ಮನ ಮುಂದೆ ಕೂರುವ ಅವಕಾಶವೂ ಇರುವುದಿಲ್ಲ.

ಹಣವೇ ಬೇಡದ ಕೆಲಸಗಳೂ ಇವೆ. ಉತ್ತರಪತ್ರಿಕೆಯನ್ನು ಹಾಜರಿ ಪುಸ್ತಕದ ಕ್ರಮದಲ್ಲಿ, ಅಂಕ ಓದದೆ ಕೊಡಬಹುದು. ಐದು ಗಂಟೆಯ ಫೋನನ್ನು ನಿಲ್ಲಿಸಬಹುದು. ಎಸ್‌ಡಿಎಂಸಿ ಸಭೆಗೆ ಹೋಗುವ ತಾಯಿ ತಂದೆಯರು ಫಲಿತಾಂಶ ಶೇಕಡಾ ಎಷ್ಟು ಎಂದು ಕೇಳಿದ ಮೇಲೆ ಇನ್ನೂ ಎರಡು ಪ್ರಶ್ನೆ ಕೇಳಲಿ: ಹತ್ತಿರದ ಸ್ನೇಹ ಕ್ಲಿನಿಕ್‌ನ ಸಮಾಲೋಚಕರು ನಮ್ಮ ಶಾಲೆಗೆ ಯಾವ ದಿನ ಬರಬಲ್ಲರು, ಸಲಹಾ ಪೆಟ್ಟಿಗೆಯ ಬೀಗದ ಕೈ ಯಾರ ಬಳಿ ಇದೆ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಕೊಂಡು ಬರಲು ಯಾವ ಸುತ್ತೋಲೆಗೂ ಕಾಯಬೇಕಿಲ್ಲ.